ನಿನ್ನ ಸೂರು ಯಾವ್ದು, ತಂಗಿ?

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚಲು ಬಿಡುವುದಿಲ್ಲ. ಓಣಿಯವರು ರೊಟ್ಟಿ, ಪಲ್ಯ, ಬ್ಯಾಳಿ ಕಟ್ಟಿಕೊಂಡು ಬರುತ್ತಾರೆ, ಬಗಲಿಗೆ ಕೂತು ತಾವೂ ಅಳುತ್ತಾರೆ. ತೊಗರಿ ನೆಟೆರೋಗಕ್ಕೆ ಒಣಗಿದರೆ ಊರಿಗೆ ಊರೇ ಕಟ್ಟೆ ಮೇಲೆ ಕೂತು ಮಾತಾಡುತ್ತದೆ. ಪ್ರೀತಿ ಮುರಿದವರಿಗೆ ಮಾತ್ರ ಬುತ್ತಿ ತರುವವರಿಲ್ಲ. ಪ್ರೀತಿಸುತ್ತಿದ್ದೇನೆ ಅನ್ನುವುದನ್ನೇ ಮನೆಯಲ್ಲಿ ಹೇಳಿರುವುದಿಲ್ಲ. ಇತ್ತೆಂಬುದೇ ಗೊತ್ತಿಲ್ಲದವರ ಮುಂದೆ ಹೋಯಿತೆಂದು ಅಳುವುದು ಹೇಗೆ?

ಕಲಬುರಗಿಗೆ ಆಳಂದ, ಜೇವರ್ಗಿ, ಅಫಜಲಪುರ, ಚಿಂಚೋಳಿ, ಕಮಲಾಪುರ ಕಡೆಯಿಂದ ಓದಲು, ಕೋಚಿಂಗಿಗೆ, ಕೆಲಸಕ್ಕೆ ಬರುವ ಮಕ್ಕಳು ಸಾವಿರಾರು. ಬಾಡಿಗೆ ರೂಮು, ಹಾಸ್ಟೆಲ್ಲು, ಮೆಸ್ಸಿನ ಊಟ. ಅಲ್ಲೇ ಪರಿಚಯ, ಅಲ್ಲೇ ಸ್ನೇಹ, ಅಲ್ಲೇ ಪ್ರೀತಿ. ಜಾತಿ ಅಡ್ಡ ಬರುತ್ತದೆ, ಮನೆಯವರು ಬೇರೆ ಕಡೆ ನಿಶ್ಚಯ ಮಾಡುತ್ತಾರೆ, ಇಲ್ಲವೇ ಯಾವ ಕಾರಣವನ್ನೂ ಹೇಳದೆ ಒಂದು ದಿನ ಆ ಕಡೆಯಿಂದ ಫೋನು ಬ್ಲಾಕ್ ಆಗುತ್ತದೆ. ಆಮೇಲೆ ಉಳಿಯುವುದು ರೂಮಿನ ಮಂಚ, ಕಿವಿಗೆ ಸಿಕ್ಕಿಸಿದ ಇಯರ್‌ಫೋನು, ರಾತ್ರಿ ಇಡೀ ತಿರುಗಿ ತಿರುಗಿ ಬರುವ ಒಂದೇ ಹಾಡು. ನಾನೂ ಹಾಗೆ ಮಲಗಿದ್ದವಳೇ.

ಎದೆ ನೋಯುತ್ತದೆ ಅಂದರೆ ದೊಡ್ಡವರು ನಾಟಕ ಅನ್ನುತ್ತಾರೆ. ಅದು ನಾಟಕವಲ್ಲ. 2011ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಈಥನ್ ಕ್ರಾಸ್ ಮತ್ತು ಸಂಗಡಿಗರು, ಆಗಷ್ಟೇ ಸಂಬಂಧ ಮುರಿದುಕೊಂಡಿದ್ದ 40 ಜನರನ್ನು ಸ್ಕ್ಯಾನಿಂಗ್ ಯಂತ್ರದಲ್ಲಿ ಮಲಗಿಸಿ, ಬಿಟ್ಟುಹೋದವರ ಫೋಟೊ ತೋರಿಸಿ ಮಿದುಳನ್ನು ಪರೀಕ್ಷಿಸಿದರು. ತೋಳಿಗೆ ಬಿಸಿ ಮುಟ್ಟಿಸಿದಾಗ ಮಿದುಳಿನಲ್ಲಿ ಎಚ್ಚರಗೊಂಡ ಜಾಗಗಳಲ್ಲಿ ಕೆಲವು, ಫೋಟೊ ನೋಡಿದಾಗಲೂ ಎಚ್ಚರಗೊಂಡವು. ಬಿಟ್ಟುಹೋದರೆಂಬ ನೋವು ಮೈಯೊಳಗೇ ಆಗುವ ನೋವು. ಅದಕ್ಕೆ ಮೈಯಿಂದಲೇ ಮದ್ದು ಆಗಬೇಕು ಎಂಬುದು ನನ್ನ ನಂಬಿಕೆ.

ದುಃಖದ ಹಾಡು ಕೇಳಬೇಡಿ ಎಂದು ನಾನು ಹೇಳುವುದಿಲ್ಲ. ಅದರಲ್ಲಿ ನೆಮ್ಮದಿ ಇದೆ. ನನ್ನ ಸಂಕಟ ಇನ್ನೊಬ್ಬರಿಗೂ ಆಗಿತ್ತಲ್ಲ ಅನ್ನುವ ಸಮಾಧಾನ ಸಣ್ಣದಲ್ಲ. ಆದರೆ ಮೊದಲೇ ಕೊರಗುವ ಸ್ವಭಾವದವರನ್ನು ಅಂಥ ಹಾಡು ಇನ್ನಷ್ಟು ಕೆಳಗೆ ಎಳೆಯಬಹುದು ಎಂದು ಈ ವಿಷಯದಲ್ಲಿ ಕೆಲಸ ಮಾಡಿದವರು ಎಚ್ಚರಿಸಿದ್ದಾರೆ. ಒಬ್ಬರೇ, ಕತ್ತಲಲ್ಲಿ, ಬಾಯಿ ಮುಚ್ಚಿಕೊಂಡು ಕೇಳುವುದು ಒಂದು. ನಾಲ್ಕು ಜನರ ನಡುವೆ ಕೂತು ಬಾಯಿಬಿಟ್ಟು ಹಾಡುವುದು ಇನ್ನೊಂದು. ನನಗೆ ಧೈರ್ಯ ಬಂದದ್ದು ಎರಡನೆಯದರಿಂದ.

ಕಲಬುರಗಿಯಿಂದ ಬೀದರ್ ರಸ್ತೆ ಹಿಡಿದು ಮಹಾಗಾಂವ ಕ್ರಾಸ್ ದಾಟಿದರೆ ಕಮಲಾಪುರ. ಕೆಂಪು ಬಾಳೆಯ ಊರು ಅಂದರೆ ಎಲ್ಲರಿಗೂ ಗೊತ್ತು. ದಪ್ಪ ಸಿಪ್ಪೆಯ, ಕೆಂಪಡರಿದ ಆ ಹಣ್ಣಿಗೆ ಜಿಐ ಮಾನ್ಯತೆ ಕೂಡ ಸಿಕ್ಕಿದೆ. ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದದ್ದು 2017ರಲ್ಲಿ. ನಾನು ಹೇಳುತ್ತಿರುವುದು ಅದಕ್ಕೂ ಹಿಂದಿನ ಮಾತು, ಬಸ್ಸಿಲ್ಲದಿದ್ದರೆ ಟಂಟಂ ಹತ್ತಬೇಕಾಗಿದ್ದ ಕಾಲ. ಅಲ್ಲಿ ನಮ್ಮ ಸೋದರತ್ತೆಯ ಮನೆ. ಊಟ ಬಿಟ್ಟು ಸೊರಗುತ್ತಿದ್ದ ನನಗೆ ಏನಾಗಿದೆ ಎಂದು ಅವ್ವ ಕೇಳಲಿಲ್ಲ. ಕೇಳಿದರೆ ಉತ್ತರ ಕೇಳಬೇಕಾಗುತ್ತದಲ್ಲ. "ಸ್ವಲ್ಪ ದಿನ ಅತ್ತಿ ಮನ್ಯಾಗ ಇದ್ದು ಬಾ, ಹವಾ ಬದಲಾಗ್ತದ" ಎಂದು ಕಳಿಸಿದಳು.

ಅತ್ತೆ ಭಜನೆಗೆ ಹೋಗುವವಳು. ಈ ಭಾಗದ ಹಳ್ಳಿಗಳಲ್ಲಿ ಅಮವಾಸ್ಯೆ ರಾತ್ರಿ ಮಠದಲ್ಲೋ ಗುಡಿಯಲ್ಲೋ ಭಜನೆ ಕೂಡುತ್ತದೆ. ಏಕತಾರಿ, ದಮ್ಮಡಿ, ಪೇಟಿ ಅಂದರೆ ಹಾರ್ಮೋನಿಯಂ, ತಬಲಾ, ತಾಳ. ಊಟ ಮುಗಿಸಿ ಕೂತವರು ಬೆಳಗಿನ ಮಂಗಳಾರತಿಗೇ ಏಳುವುದು. ಆ ಸಲದ ಅಮವಾಸ್ಯೆಗೆ ಅತ್ತೆ ನನ್ನನ್ನೂ ಕರೆದುಕೊಂಡು ಹೋದಳು. ನಡುರಾತ್ರಿಯ ಹೊತ್ತಿಗೆ ಯಾರೋ "ಕಾಲೇಜ ಹುಡುಗಿ ಒಂದು ಪದಾ ಹಾಡ್ಲಿ" ಅಂದರು. ಅತ್ತೆ ಬೆನ್ನಿಗೆ ಕೈ ಇಟ್ಟು ಮುಂದೆ ತಳ್ಳಿದಳು.

ಶಾಲೆಯಲ್ಲಿ ಕಲಿತ ಒಂದು ಪದ ಎತ್ತಿಕೊಂಡೆ. ಪಲ್ಲವಿ ಹೇಗೋ ನಡೆಯಿತು. ಮೊದಲ ನುಡಿಯಲ್ಲಿ ದನಿ ಮೇಲೇರಬೇಕಾದ ಕಡೆ ಸೀಳಿತು. ಸೀಳಿದ್ದಷ್ಟೇ ಅಲ್ಲ, ಅಷ್ಟು ದಿನ ತಡೆದಿದ್ದ ಅಳು ಅದೇ ಬಿರುಕಿನಿಂದ ನುಗ್ಗಿತು. ಹಾಡು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಹಿಮ್ಮೇಳದವರು ಪಲ್ಲವಿ ಎತ್ತಿಕೊಂಡರು, ಒಂದು ಸಲ, ಎರಡು ಸಲ, ನಾನು ಮೂಗು ಒರೆಸಿಕೊಳ್ಳುವ ತನಕ. ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ, ಯಾಕೆ ಅಳುತ್ತೀ ಅನ್ನಲಿಲ್ಲ. ಭಜನೆಯಲ್ಲಿ ಅಳುವವರು ಅವರಿಗೆ ಹೊಸಬರಲ್ಲ.

ಪೇಟಿ ಮಾಸ್ತರು ಮಾತ್ರ ಬಾರಿಸುವುದು ನಿಲ್ಲಿಸಿ ನನ್ನ ಕಡೆ ತಿರುಗಿದರು. ವಯಸ್ಸಾದವರು, ಹಗಲು ಹೊಲಿಗೆ ಯಂತ್ರದ ಮುಂದೆ ಕೂರುವವರು. "ಇದು ನಿನ್ನ ಸೂರಲ್ಲ ತಂಗಿ. ಯಾರದೋ ಸೂರಿನ್ಯಾಗ ಹಾಡ್ಲಾಕತ್ತೀದಿ. ನಿನ್ನ ಸೂರು ಯಾವ್ದು?"

ಸೂರು ಅಂದರೆ ದನಿ ನೆಲೆನಿಲ್ಲುವ ಶ್ರುತಿ. ನನ್ನದು ಯಾವುದೆಂದು ನನಗೆ ಗೊತ್ತಿರಲಿಲ್ಲ. ಸಿನಿಮಾ ಹಾಡು ಕೇಳಿ ಕೇಳಿ ಹೆಣ್ಣುದನಿ ಅಂದರೆ ಎತ್ತರದ್ದೇ ಎಂದು ತಿಳಿದಿದ್ದೆ. ನನ್ನದು ತುಸು ತಗ್ಗಿನ, ಗಡುಸಾದ ದನಿ. ಅದನ್ನು ಮುಚ್ಚಿಡಲು ಪೇಟಿಯ ಐದನೇ ಕರಿ ಮನೆಯಲ್ಲಿ, ಅಂದರೆ ಕರಿ ಐದರಲ್ಲಿ ಹಾಡುತ್ತಿದ್ದೆ. ಅವರು ಭಜನೆಯನ್ನೇ ಅಷ್ಟು ಹೊತ್ತು ನಿಲ್ಲಿಸಿ ನನ್ನ ಸೂರು ಹುಡುಕಿದರು. ಪೇಟಿಯ ಒಂದು ಮನೆ ಒತ್ತುವುದು, ಸಾ ಅನ್ನಿಸುವುದು, ಅಲ್ಲಿಂದ ಕೆಳಗಿನ ಪಂಚಮಕ್ಕೆ ಇಳಿಸುವುದು, ಮತ್ತೆ ಮೇಲಿನ ಪಂಚಮಕ್ಕೆ ಏರಿಸುವುದು. ಕೆಳಗೆ ಇಳಿದಾಗ ದನಿ ಕೇಳಿಸಬೇಕು, ಮೇಲೆ ಹೋದಾಗ ಕುತ್ತಿಗೆಯ ನರ ಉಬ್ಬಬಾರದು. ಇವೆರಡೂ ಕೂಡಿಬಂದ ಮನೆ ಕರಿ ಮೂರು. "ಹ್ಞಾಂ, ಇಲ್ಲಿ ಕೂಡು" ಅಂದರು. ಅದೇ ಪದವನ್ನು ಮೊದಲಿನಿಂದ ಹಾಡಿಸಿದರು. ನನ್ನ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಾದದ್ದು ಆಗಲೇ. ಮಠದ ಹಿಂದಿನ ಗೋಡೆಗೆ ಹೋಗಿ ತಾಗುತ್ತಿತ್ತು.

ಅವತ್ತಿನಿಂದ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಆಮೇಲೂ ಎಷ್ಟೋ ರಾತ್ರಿ ನಿದ್ದೆ ಇರಲಿಲ್ಲ. ಆದರೆ ಬೆಳಿಗ್ಗೆ ಎದ್ದು ಮಾಡಲು ಒಂದು ಕೆಲಸವಿತ್ತು. ತಗ್ಗಿನ ಸ್ವರದಲ್ಲಿ ನಿಲ್ಲುವುದು, ಒಂದೇ ಉಸಿರಿನಲ್ಲಿ ಎಷ್ಟು ಹೊತ್ತಾಗುತ್ತದೋ ಅಷ್ಟು. ಉಸಿರು ನಿಧಾನವಾಗಿ ಹೊರಗೆ ಹೋದಂತೆ ಎದೆಬಡಿತ ತಗ್ಗುತ್ತದೆ. ಇದು ದೇಹದ ಸಹಜ ವ್ಯವಸ್ಥೆ, ಸಾಧಕರಿಗೆಲ್ಲ ಅನುಭವದಿಂದ ಗೊತ್ತಿರುವುದು. ಒಟ್ಟಾಗಿ ಹಾಡಿದಾಗ ಇನ್ನೂ ಒಂದು ಸಂಗತಿ ನಡೆಯುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬ್ಯೋರ್ನ್ ವಿಕ್‌ಹಾಫ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೂಡಿ ಹಾಡುವವರ ಎದೆಬಡಿತದ ಏರಿಳಿತ ಒಂದಕ್ಕೊಂದು ಹೊಂದಿಕೊಳ್ಳುತ್ತದೆ. ಎಲ್ಲರೂ ಒಂದೇ ಕಡೆ ಉಸಿರು ಎಳೆದು ಒಂದೇ ಕಡೆ ಬಿಡುವುದೇ ಅದಕ್ಕೆ ಕಾರಣ. ಅಮವಾಸ್ಯೆ ಭಜನೆಯಲ್ಲಿ ಪಲ್ಲವಿಗೆ ಮರಳಿ ಬರುವಾಗೆಲ್ಲ ಆಗುವುದು ಇದೇ. ಯಾರೂ ಇಲ್ಲ ಎಂದುಕೊಂಡು ಬಂದವರ ಎದೆ ಇಪ್ಪತ್ತು ಜನರ ಎದೆಯ ಸಂಗಡ ಬಡಿಯತೊಡಗುತ್ತದೆ.

ಧೈರ್ಯ ಬಂದದ್ದು ಗೊತ್ತಾದದ್ದು ಬೇರೆ ಕಡೆ. ಕಲಬುರಗಿಯ ನಮ್ಮ ಮನೆಗೆ ಕನ್ಯಾ ನೋಡಲು ಬಂದರು. ಚಾ ಕುಡಿದ ಮೇಲೆ ಹಿರಿಯರೊಬ್ಬರು, ಎಂದಿನಂತೆ, "ಹಾಡ್ಲಕ ಬರ್ತದೇನವ್ವಾ?" ಎಂದು ಕೇಳಿದರು. ಹಿಂದೆಲ್ಲ ಇಂಥ ಹೊತ್ತಿನಲ್ಲಿ ನೆಲ ನೋಡುತ್ತ ಗುನುಗಿದ್ದೆ. ಆವತ್ತು ತಲೆಯೆತ್ತಿ ಕೂತು ನನ್ನ ಸೂರಿನಲ್ಲಿ, ತಗ್ಗಿನ ಗಡುಸು ದನಿಯಲ್ಲಿ, ಪದವನ್ನು ಪೂರ್ತಿ ಹಾಡಿದೆ. ಹಾಡಿದ ಮೇಲೆ ಅದೇ ದನಿಯಲ್ಲಿ ಹೇಳಿದೆ: "ತಪ್ಪು ತಿಳೀಬ್ಯಾಡ್ರಿ. ನನಗ ಈಗ ಮದುವಿ ಬ್ಯಾಡ್ರಿ, ಓದು ಮುಗಿಸಬೇಕಾಗ್ಯದ." ಅಪ್ಪ ಸಿಟ್ಟಾದರು, ಅವ್ವ ಅತ್ತಳು. ಆದರೆ ಮಾತು ನಡುಗಲಿಲ್ಲ.

ಈ ಸೀಮೆಯಲ್ಲಿ ನನಗೆ ಮಾತ್ರ ಹೀಗಾಯಿತೆಂದಲ್ಲ. ಇಲ್ಲಿಯ ಹಾಡುಗಳು ಹುಟ್ಟಿದ್ದೇ ಸಂಕಟದವರಿಗಾಗಿ. ಕಲಬುರಗಿ ಜಿಲ್ಲೆಯ ಕಡಕೋಳದ ಮಡಿವಾಳಪ್ಪನವರ ತತ್ವಪದಗಳ ಪರಂಪರೆ ನೋಡಿ. ಅವರ ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಹೇಬರಿದ್ದರು, ಖೈನೂರಿನ ಕೃಷ್ಣಪ್ಪನವರಿದ್ದರು. ಜಾತಿ ಧರ್ಮದ ಲೆಕ್ಕ ಅಲ್ಲಿರಲಿಲ್ಲ. ತತ್ವಪದಗಳು ಮೇಲಿನಿಂದ ಉಪದೇಶ ಮಾಡುವುದಿಲ್ಲ. ತಂಗಿ ಎಂದೋ ತಮ್ಮ ಎಂದೋ ಕರೆದು ಬಗಲಿಗೆ ಕೂಡಿಸಿಕೊಂಡು ಮಾತಾಡುತ್ತವೆ. ಗಂಡ, ಹೆಂಡತಿ, ತವರು, ಬಿಟ್ಟ ಮನೆ, ಬೀಸುವ ಕಲ್ಲು ಎಲ್ಲ ಅವುಗಳಲ್ಲಿ ಬರುತ್ತವೆ. ಗುರುವಿನ ಪದ ಎಂದು ಹಾಡುತ್ತಿರುವಾಗಲೇ ಹಾಡುವವಳು ತನ್ನ ಗೋಳನ್ನೂ ಅದರೊಳಗೆ ಹಾಕಿಬಿಡಬಹುದು. ಯಾರಿಗೂ ತಿಳಿಯುವುದಿಲ್ಲ, ತಿಳಿದರೂ ಯಾರೂ ಕೇಳುವುದಿಲ್ಲ.

ಹಲಸಂಗಿಯ ಗೆಳೆಯರು ಹಳ್ಳಿ ಹಳ್ಳಿ ತಿರುಗಿ ಕೂಡಿಸಿದ 'ಗರತಿಯ ಹಾಡು' ಸಂಗ್ರಹದ ತ್ರಿಪದಿಗಳನ್ನು ಹಾಡಿದವರು ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಕ್ಕಳೇ. ಬೀಸುವ ಸದ್ದಿನ ಮರೆಯಲ್ಲಿ ಅತ್ತೆಗೆ ಕೇಳಿಸದಂತೆ ಎಷ್ಟು ಎದೆಗಳು ಹಗುರಾದವೋ! ಈಗ ಬೀಸುವ ಕಲ್ಲು ಮೂಲೆ ಸೇರಿದೆ. ಆ ಮರೆಯೂ ಹೋಯಿತು. ಆ ಜಾಗಕ್ಕೆ ಇಯರ್‌ಫೋನು ಬಂದು ಕೂತಿದೆ, ಆದರೆ ಅದು ನಮ್ಮ ದನಿ ಕೇಳಿಸಿಕೊಳ್ಳುವುದಿಲ್ಲ.

ನಗರದೊಳಗೆ ಬಂದರೆ ಖ್ವಾಜಾ ಬಂದೇನವಾಜರ ದರ್ಗಾ ಇದೆ. ದಿಲ್ಲಿಯಲ್ಲಿ ನಸೀರುದ್ದೀನ್ ಚಿರಾಗ್ ಅವರ ಶಿಷ್ಯರಾಗಿದ್ದ ಅವರು ಬಹಮನಿ ಸುಲ್ತಾನ ಫಿರೋಜ್ ಶಹನ ಕಾಲದಲ್ಲಿ, ಮುಪ್ಪಿನಲ್ಲಿ, ಇಲ್ಲಿಗೆ ಬಂದರು. 1422ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರದು ಚಿಶ್ತಿ ಪಂಥ, ಸಮಾ ಅಂದರೆ ಹಾಡು ಕೇಳುವ ಕೂಟವನ್ನೇ ಸಾಧನೆಯ ದಾರಿಯೆಂದು ಒಪ್ಪಿದ ಪಂಥ. ಖವ್ವಾಲಿಯಲ್ಲಿ ಅಗಲಿಕೆಯ ಮಾತು ಒಂದು ಸಲ ಬಂದು ಹೋಗುವುದಿಲ್ಲ. ಒಂದೇ ಸಾಲನ್ನು ಹತ್ತು ಬಗೆಯಲ್ಲಿ ಎತ್ತಿ, ಚಪ್ಪಾಳೆಯ ಮೇಲೆ ಏರಿಸಿ, ಗೋಳಾಗಿ ಶುರುವಾದದ್ದನ್ನು ಹುರುಪಿಗೆ ತಂದು ನಿಲ್ಲಿಸುತ್ತಾರೆ. ಆಗ ಅಳು ಮತ್ತು ಚಪ್ಪಾಳೆ ಒಂದೇ ಮೈಯಲ್ಲಿ ಕೂಡುತ್ತವೆ.

ಗಜಲ್ ಕನ್ನಡಕ್ಕೆ ಬಂದು ನೆಲೆಯೂರಿದ್ದೂ ಇದೇ ಕಲ್ಯಾಣ ಕರ್ನಾಟಕದಿಂದ. ರಾಯಚೂರಿನ ಶಾಂತರಸರು ದಾರಿ ಮಾಡಿದರು, ಅವರ ಮಗಳು ಎಚ್.ಎಸ್. ಮುಕ್ತಾಯಕ್ಕ, ಕಲಬುರಗಿಯ ಕಾಶೀನಾಥ ಅಂಬಲಗೆ ಮುಂತಾದವರು ಮುಂದುವರಿಸಿದರು. ಗಜಲಿನ ಕೊನೆಯ ದ್ವಿಪದಿಯಲ್ಲಿ ಕವಿ ತನ್ನ ಹೆಸರು ಹೇಳುತ್ತಾನೆ. ತತ್ವಪದದ ಕೊನೆಯಲ್ಲೂ ಅಂಕಿತ ಇರುತ್ತದೆ. ಎಷ್ಟೇ ಅಗಲಿಕೆಯ ಹಾಡಾದರೂ ಕಡೆಗೆ ಹಾಡಿದವರ ಹೆಸರು ಬಂದೇ ಬರಬೇಕು ಅನ್ನುವ ಈ ಕಟ್ಟು ನನಗೆ ಬಹಳ ಪ್ರೀತಿಯದು. ಇನ್ನೊಬ್ಬರ ಹೆಸರನ್ನೇ ಜಪಿಸಿ ತನ್ನ ಹೆಸರು ಮರೆತವರಿಗೆ ಅದು ಬೇಕಾಗುತ್ತದೆ.

ಹಾಡಿನಿಂದಲೇ ಎದ್ದು ನಿಂತ ಹೆಣ್ಣುಮಗಳು ಯಾರು ಎಂದು ಕೇಳಿದರೆ ನಾನು ಮೊದಲು ಹೇಳುವ ಹೆಸರು ಅಮೀರಬಾಯಿ ಕರ್ನಾಟಕಿ. ಆಗಿನ ವಿಜಾಪುರ ಜಿಲ್ಲೆಯ ಬೀಳಗಿಯವರು, ನಾಟಕ ಮತ್ತು ಸಂಗೀತದ ಮನೆತನ. ಅಕ್ಕ ಗೋಹರಬಾಯಿ ಬಾಲಗಂಧರ್ವರ ಜೊತೆ ಹೆಸರಾದವರು. ಅಮೀರಬಾಯಿ 1930ರ ದಶಕದಲ್ಲಿ ಮುಂಬಯಿಯ ಚಿತ್ರರಂಗ ಸೇರಿದರು. ಮೊದಲಿಗೆ ಹೆಸರೇನೂ ಬರಲಿಲ್ಲ. 1943ರಲ್ಲಿ ಅವರು ಹಾಡಿದ 'ಕಿಸ್ಮತ್' ಬಂತು. ಅನಿಲ್ ಬಿಸ್ವಾಸ್ ಅವರ ಸಂಗೀತ, ಕಲ್ಕತ್ತೆಯ ಒಂದೇ ಟಾಕೀಸಿನಲ್ಲಿ ಮೂರು ವರ್ಷಕ್ಕೂ ಮೇಲೆ ಓಡಿದ ಚಿತ್ರ. ಕರ್ನಾಟಕಿ ಎಂಬ ಹೆಸರು ದೇಶದ ಮೂಲೆ ಮೂಲೆಗೂ ಮುಟ್ಟಿತು.

ಹೊರಗೆ ಹೆಸರು, ಮನೆಯೊಳಗೆ ಹೊಡೆತ. ಹಿಮಾಲಯವಾಲಾ ಎಂಬ ಹೆಸರಿನಿಂದ ಖಳನ ಪಾತ್ರ ಮಾಡುತ್ತಿದ್ದ ನಟನನ್ನು ಅವರು ಮದುವೆಯಾಗಿದ್ದರು. ಆತ ಹೊಡೆಯುತ್ತಿದ್ದ, ಆಕೆ ದುಡಿದ ದುಡ್ಡು ಕಸಿಯುತ್ತಿದ್ದ. ಬಿಡುಗಡೆ ಸುಲಭಕ್ಕೆ ಸಿಗಲಿಲ್ಲ. ಬೇರೆಯಾದ ಮೇಲೂ ಆತ ಆಕೆಯನ್ನು ಎಳೆದೊಯ್ದು ಕೂಡಿಹಾಕಿದ, ವಕೀಲರು ಮತ್ತು ಪೊಲೀಸರ ನೆರವಿನಿಂದ ಪಾರಾದರು ಎಂದು ಅವರ ಜೀವನ ಬರೆದವರು ದಾಖಲಿಸಿದ್ದಾರೆ. ದೇಶ ವಿಭಜನೆಯ ನಂತರ ಆತ ಪಾಕಿಸ್ತಾನಕ್ಕೆ ಹೋದ.

ಇಷ್ಟೆಲ್ಲ ಆದರೂ ಅಮೀರಬಾಯಿ ಹಾಡು ಬಿಡಲಿಲ್ಲ. ನೌಷಾದರ 'ರತನ್' ಚಿತ್ರಕ್ಕೆ ಹಾಡಿದರು, 'ಶಹನಾಜ್' ಎಂಬ ಚಿತ್ರಕ್ಕೆ ತಾವೇ ಸಂಗೀತ ಕೂಡಿಸಿದರು. ಹಾಡುವ ಹೆಣ್ಣುಗಳು ಎಷ್ಟೋ ಇದ್ದ ಕಾಲದಲ್ಲಿ ಸಂಗೀತ ನಿರ್ದೇಶನದ ಕುರ್ಚಿಯಲ್ಲಿ ಕೂತ ಹೆಣ್ಣುಗಳು ಬೆರಳೆಣಿಕೆ. ಮುಂದೆ ಪತ್ರಕರ್ತ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು. ಮತ್ತೊಬ್ಬರನ್ನು ನಂಬುವುದೂ ಒಂದು ಧೈರ್ಯವೇ. 1965ರಲ್ಲಿ ತೀರಿಕೊಂಡಾಗ ಅವರನ್ನು ಮಣ್ಣು ಮಾಡಿದ್ದು ವಿಜಾಪುರದಲ್ಲಿ. ರಹಮತ್ ತರೀಕೆರೆಯವರು ಕನ್ನಡದಲ್ಲಿ ಅವರ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ನಮ್ಮ ಹೆಣ್ಣುಮಕ್ಕಳ ಹಾಸ್ಟೆಲ್ಲುಗಳಲ್ಲಿ ಅದು ಇರಬೇಕು.

ಹಾಡು ನಿಲ್ಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಗಾಯಕಿ ಬೇಗಂ ಅಖ್ತರ್ ಸಾಕ್ಷಿ. 1945ರಲ್ಲಿ ಲಖನೌದ ಬ್ಯಾರಿಸ್ಟರರೊಬ್ಬರನ್ನು ಮದುವೆಯಾದ ಮೇಲೆ ಮನೆತನದ ಮರ್ಯಾದೆಗೆಂದು ಹಾಡುವುದನ್ನು ಬಿಟ್ಟರು. ಕೆಲವೇ ವರ್ಷಗಳಲ್ಲಿ ಹಾಸಿಗೆ ಹಿಡಿದರು. ಮತ್ತೆ ಹಾಡಿದರೇ ಚೇತರಿಕೆ ಎಂಬ ಸಲಹೆ ವೈದ್ಯರಿಂದ ಬಂತು. 1949ರಲ್ಲಿ ಲಖನೌ ಆಕಾಶವಾಣಿಯ ಸ್ಟುಡಿಯೋದಲ್ಲಿ ಹಾಡಿ, ಹಾಡು ಮುಗಿದ ಮೇಲೆ ಅತ್ತರು. ಆಮೇಲಿನ ಇಪ್ಪತ್ತೈದು ವರ್ಷ ಅವರು ಹಾಡಿದ್ದನ್ನೇ ನಾವು ಇವತ್ತಿಗೂ ಗಜಲ್ ಗಾಯನ ಎಂದು ಕರೆಯುತ್ತಿದ್ದೇವೆ. ನಮ್ಮ ಗಂಗೂಬಾಯಿ ಹಾನಗಲ್ಲರದು ಬೇರೆ ಕಥೆ. ಗಂಟಲ ಚಿಕಿತ್ಸೆಯ ನಂತರ ಅವರ ಎಳೆಯ ಹೆಣ್ಣುದನಿ ಹೋಗಿ ಗಂಡುದನಿಯಂಥ ಭಾರದ ದನಿ ಬಂತು. ಹೋದ ದನಿಗೆ ಕೊರಗುತ್ತ ಕೂರದೆ ಬಂದ ದನಿಯಲ್ಲೇ ಕಿರಾಣಾ ಘರಾಣೆಯನ್ನು ಮೆರೆಸಿದರು. ಕರಿ ಮೂರರಲ್ಲಿ ಕೂರುವಾಗೆಲ್ಲ ನಾನು ಅವರನ್ನು ನೆನೆಯುತ್ತೇನೆ.

ಗಂಡುಹುಡುಗರ ಬಗ್ಗೆ ನನಗೆ ಹೆಚ್ಚು ಚಿಂತೆ. ಹೆಣ್ಣುಮಗಳು ಗೆಳತಿಯ ಹೆಗಲ ಮೇಲಾದರೂ ಅಳುತ್ತಾಳೆ. ಹುಡುಗ ಕುಡಿಯುತ್ತಾನೆ, ಬೈಕು ಓಡಿಸುತ್ತಾನೆ, ಬಿಟ್ಟುಹೋದವಳನ್ನು ಬೈಯುವ ಹಾಡು ಜೋರಾಗಿ ಹಚ್ಚುತ್ತಾನೆ. ಇತ್ತೀಚೆಗೆ ಅಂಥ ಹಾಡುಗಳಿಗೆ ಬರವೇ ಇಲ್ಲ. ಹೆಣ್ಣನ್ನು ಮೋಸಗಾತಿ ಎನ್ನುವ ಹಾಡು ಸಿಟ್ಟನ್ನು ಸಾಕುತ್ತದೆ, ಧೈರ್ಯವನ್ನು ಕೊಡುವುದಿಲ್ಲ. ಇಲ್ಲ ಎನ್ನುವ ಹಕ್ಕು ಅವಳಿಗೂ ಇದೆ. ಆ ಇಲ್ಲವನ್ನು ಎದೆಯಲ್ಲಿ ತಾಳಿಕೊಂಡು ನಾಲ್ಕು ಜನರ ಮುಂದೆ ಅಗಲಿಕೆಯ ಪದ ಹಾಡುವ ಹುಡುಗ ನನ್ನ ಕಣ್ಣಿಗೆ ನಿಜವಾದ ಗಂಡು.

ಹಾಡು ಎಲ್ಲಕ್ಕೂ ಮದ್ದಲ್ಲ, ಇದನ್ನು ಒತ್ತಿ ಹೇಳಬೇಕು. ವಾರಗಟ್ಟಲೆ ನಿದ್ದೆ ಊಟ ಇಲ್ಲ, ಬದುಕು ಸಾಕೆನಿಸುತ್ತಿದೆ ಎಂದಾದರೆ ಮೊದಲು ಒಬ್ಬರೊಡನೆ ಮಾತಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ದುಡ್ಡಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ವೈದ್ಯರಲ್ಲಿಗೆ ಹೋಗುವುದು ನಾಚಿಕೆಯ ಸಂಗತಿಯಲ್ಲ. ಬೇಗಂ ಅಖ್ತರರಿಗೂ ದಾರಿ ತೋರಿಸಿದ್ದು ವೈದ್ಯರೇ.

ಕಲಿಯುವ ಜಾಗಗಳಿಗೆ ಕೊರತೆಯಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಕೈಯಲ್ಲಿ ಕಲಿತವರು ಉತ್ತರ ಕರ್ನಾಟಕದ ಊರೂರಲ್ಲಿ ಪಾಠ ಹೇಳುತ್ತಿದ್ದಾರೆ. ಪರೀಕ್ಷೆ, ಸರ್ಟಿಫಿಕೇಟು ಬೇಡ ಎನ್ನುವವರಿಗೆ ಓಣಿಯ ಭಜನಾ ಮಂಡಳಿ ಇದೆ. ಅಲ್ಲಿ ಹಾಡಲು ಬರುತ್ತದೋ ಇಲ್ಲವೋ ಎಂದು ಕೇಳುವುದಿಲ್ಲ, ಒಂದು ತಾಳ ಕೈಗೆ ಕೊಟ್ಟು ಕೂಡಿಸಿಕೊಳ್ಳುತ್ತಾರೆ. ಹಿಮ್ಮೇಳದಲ್ಲಿ ಕೂತು ಪಲ್ಲವಿಗೆ ದನಿಗೂಡಿಸುವುದರಿಂದಲೇ ಶುರು ಮಾಡಬಹುದು.

ಭಜನಾ ಮಂಡಳಿಯ ಹಿರಿಯರಲ್ಲಿ ನನ್ನದೊಂದು ಕೇಳಿಕೆ ಇದೆ. ಈಗ ಮೇಳಗಳಲ್ಲಿ ಎಲ್ಲರೂ ನರೆತವರೇ, ಹೊಸಬರು ಬರುವುದಿಲ್ಲ ಎಂದು ನೀವು ಕೊರಗುತ್ತೀರಿ. ಮೈಕು ಹಚ್ಚಿ, ಕರಿ ಒಂದಕ್ಕೆ ಪೇಟಿ ಕಟ್ಟಿ, ಗಂಡಸರ ಸೂರಿನಲ್ಲೇ ರಾತ್ರಿ ಪೂರ್ತಿ ನಡೆಸಿದರೆ ಹೊಸಬರು, ಅದರಲ್ಲೂ ಹೆಣ್ಣುಮಕ್ಕಳು, ಎಲ್ಲಿ ಬಾಯಿ ಹಾಕಬೇಕು? ಮೊದಲ ಒಂದು ತಾಸು ಅವರಿಗೆ ಬಿಡಿ. ಒಬ್ಬೊಬ್ಬರನ್ನೇ ಮುಂದೆ ಕರೆದು ಅವರ ಸೂರು ಹುಡುಕಿಕೊಡಿ. ಯಾಕೆ ಬಂದೆ, ಯಾಕೆ ಅಳುತ್ತೀ ಎಂದು ಮಾತ್ರ ಕೇಳಬೇಡಿ.